ಹಂಡೆಯೊಳಗಿನ ಗಂಟೆ

"ನನ್ನ ಗಂಡನೇ ನನ್ನ ಅಣ್ಣನ್ನ ಕೊಂದ ಅಂತ ನೀವೇ ಹೇಳಿಬಿಡಿ ಮೇಡಂ. ಆ ಮಾತು ನನ್ನ ಬಾಯಲ್ಲಿ ಬರಲ್ಲ."

ಹೊಲಿಗೆಯವಳು ತಲೆ ಎತ್ತದೆ ಹೇಳಿದಳು. ಅವಳ ಮುಂದೆ ಮೇಜಿನ ತುಂಬ ಬೆಳ್ಳಿ ಬಣ್ಣದ ಹಾಳೆ ಹರಡಿತ್ತು. ಹಾಳೆಯ ಮೇಲೆ ಬಲೆ, ಬಲೆಯ ಮೇಲೆ ಮತ್ತೆ ಹಾಳೆ, ಹೀಗೆ ಪದರ ಪದರ ಸೇರಿಸಿ ಅವಳು ಉಪಗ್ರಹಕ್ಕೆ ಹೊದಿಕೆ ಹೊಲಿಯುತ್ತಿದ್ದಳು. ಅಳುತ್ತಿರಲಿಲ್ಲ. ಆದರೆ ಅದೇ ಜಾಗಕ್ಕೆ ಸೂಜಿ ಚುಚ್ಚಿ, ಬಿಚ್ಚಿ, ಮತ್ತೆ ಚುಚ್ಚುತ್ತಿದ್ದಳು.

ಇನ್ಸ್‌ಪೆಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತಳು. ಹೊಲಿಗೆಯವಳ ಗಂಡನನ್ನು ನಿನ್ನೆ ಲಾಕಪ್ಪಿಗೆ ತಳ್ಳಿದ್ದು ತಾನೇ. ಪಕ್ಕದ ಹಾಲಿನಲ್ಲಿ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯುವ ಎರಡಾಳೆತ್ತರದ ಉಕ್ಕಿನ ಪಾತ್ರೆಯೊಳಗೆ ಇವಳ ಅಣ್ಣ ಸತ್ತು ಬಿದ್ದಿದ್ದ. ಆ ಪಾತ್ರೆಗೆ ಇಲ್ಲಿಯ ಕೆಲಸದವರು ಇಟ್ಟ ಹೆಸರು ಹಂಡೆ. ಹಂಡೆಯ ಬಾಗಿಲು ಮುಚ್ಚಿ ಪಂಪಿನ ಗುಂಡಿ ಒತ್ತಿದ್ದು ಇವಳ ಗಂಡ.

"ಸಂಜೆ ಅವನನ್ನ ಕೋರ್ಟಿಗೆ ಒಪ್ಪಿಸಬೇಕು. ಕೊಲೆ ಅಂತಲೇ ಬರೆದು ಒಪ್ಪಿಸಬೇಕು. ಅಷ್ಟರೊಳಗೆ ನಿನಗೆ ಗೊತ್ತಿರೋದು ಏನಾದ್ರೂ ಇದ್ರೆ ಹೇಳಮ್ಮ."

"ನನಗೆ ಗೊತ್ತಿರೋದು ಒಂದೇ. ಅವರು ಹೊಸ್ತಿಲು ನೋಡದೆ ಗುಂಡಿ ಮುಟ್ಟೋರಲ್ಲ."

ಹೊಸ್ತಿಲ ಕಥೆ ಇನ್ಸ್‌ಪೆಕ್ಟರಮ್ಮನಿಗೆ ಈಗಾಗಲೇ ಬಾಯಿಪಾಠವಾಗಿತ್ತು. ಹಂಡೆಯೊಳಗೆ ಹೋಗುವವರು ಚಪ್ಪಲಿ ಬಿಟ್ಟು, ಬಟ್ಟೆಯ ಚೀಲ ಕಾಲಿಗೆ ಹಾಕಿಕೊಂಡು ಹೋಗಬೇಕು. ಹೊಸ್ತಿಲಲ್ಲಿ ಒಂದು ಜೊತೆ ಚಪ್ಪಲಿ ಇದ್ದರೂ ಬಾಗಿಲು ಮುಚ್ಚುವ ಹಾಗಿಲ್ಲ. ಅವತ್ತು ಹೊಸ್ತಿಲು ಖಾಲಿ ಇತ್ತು ಎಂದು ಪಂಪಿನವನು, ಅಂದರೆ ಇವಳ ಗಂಡ, ಹೇಳುತ್ತಾನೆ. ಸತ್ತವನ ಚಪ್ಪಲಿ ಸಿಕ್ಕಿದ್ದು ಅವನದೇ ಮೇಜಿನ ಕೆಳಗೆ. ಚಪ್ಪಲಿ ತಾನಾಗಿ ನಡೆದುಕೊಂಡು ಹೋಗುವುದಿಲ್ಲ. ಎತ್ತಿಟ್ಟವರು ಯಾರೋ ಇದ್ದಾರೆ, ಇಲ್ಲವೇ ಪಂಪಿನವನು ಸುಳ್ಳು ಹೇಳುತ್ತಿದ್ದಾನೆ.

"ನಿನ್ನ ಗಂಡನಿಗೂ ಅಣ್ಣನಿಗೂ ಮಾತಿರಲಿಲ್ಲವಂತೆ?"

"ಇರಲಿಲ್ಲ. ನಾನು ಇವರನ್ನ ಮಾಡ್ಕೊಂಡಿದ್ದು ಅಣ್ಣನಿಗೆ ಹಿಡಿಸಲಿಲ್ಲ. ಒಂದೇ ಸೂರಿನ ಕೆಳಗೆ ಕೆಲಸ, ಎದುರಿಗೆ ಸಿಕ್ಕಿದ್ರೆ ಇವರು ಈ ಗೋಡೆ ನೋಡೋರು, ಅವನು ಆ ಗೋಡೆ. ಒಂದು ದಿನಕ್ಕೂ ಭಾವ ಅಂತ ಕರೆದವರಲ್ಲ. ಅಷ್ಟಕ್ಕೇ ಕೊಲ್ತಾರಾ?"

"ಇನ್ನೂ ಚಿಕ್ಕದಕ್ಕೆ ಕೊಂದವರನ್ನ ನೋಡಿದ್ದೀನಿ."

ಹೊಲಿಗೆಯವಳು ಎದ್ದು, ಮುಗಿದ ಹೊದಿಕೆಯೊಂದನ್ನು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ಜಾರಿಸಿದಳು. ಚೀಲದ ಬಾಯಿಗೆ ಕೊಳವೆ ಸಿಕ್ಕಿಸಿ ಕಾಲಿನಿಂದ ಸಣ್ಣ ಯಂತ್ರವೊಂದನ್ನು ಒತ್ತಿದಳು. ಯಂತ್ರ ಗುರುಗುಟ್ಟಿತು. ಉಬ್ಬಿಕೊಂಡಿದ್ದ ಚೀಲ ಮೊದಲು ಏನೂ ಆಗದ ಹಾಗೆ ಹಾಗೇ ಇತ್ತು. ಆಮೇಲೆ ಒಂದು ಮೂಲೆ ಕುಗ್ಗಿತು. ಆಮೇಲೆ ಇನ್ನೊಂದು.

"ಇದೇನು?"

"ಧೂಳು, ತೇವ ಕೂರಬಾರದು ಅಂತ ಗಾಳಿ ತೆಗೆದಿಡೋದು ಮೇಡಂ."

"ತುಂಬ ನಿಧಾನ."

"ಇದೇನು ನಿಧಾನ. ಹಂಡೆಗೆ ಬೆಳಿಗ್ಗೆ ಶುರು ಮಾಡಿದ್ರೆ ಪೂರ್ತಿ ಗಾಳಿ ಹೋಗೋ ಹೊತ್ತಿಗೆ ಮಧ್ಯಾಹ್ನದ ಊಟ ಆಗಿರತ್ತೆ."

ಇನ್ಸ್‌ಪೆಕ್ಟರಮ್ಮ ಚೀಲವನ್ನೇ ನೋಡುತ್ತಿದ್ದಳು. ಹೊದಿಕೆಯ ಸುತ್ತ ಪ್ಲಾಸ್ಟಿಕ್ಕು ಚರ್ಮದಂತೆ ಅಂಟಿಕೊಳ್ಳುತ್ತಿತ್ತು, ಬಿಡಿಸಿಕೊಳ್ಳಲು ಜಾಗವೇ ಇಲ್ಲದಂತೆ.

"ಮೀಸೆ!" ಎಂದು ಕೂಗಿದಳು.

ಬಾಗಿಲಲ್ಲಿ ಒರಗಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ನೆಟ್ಟಗಾದ. ಮುಖಕ್ಕಿಂತ ಮೊದಲು ಮೀಸೆಯೇ ಒಳಗೆ ಬರುತ್ತಿದ್ದುದರಿಂದ ಸ್ಟೇಷನ್ನಿನಲ್ಲಿ ಯಾರೂ ಅವನನ್ನು ಬೇರೆ ಹೆಸರಿನಿಂದ ಕರೆಯುತ್ತಿರಲಿಲ್ಲ.

"ಹಂಡೆಯೊಳಗೆ ಒಂದು ಗಂಟೆ ಇದೆಯಲ್ಲ, ಸಿಕ್ಕಿಹಾಕಿಕೊಂಡವರು ಬಾರಿಸಲಿ ಅಂತ ಕಟ್ಟಿರೋದು. ಅದನ್ನ ನಾವು ಯಾಕೆ ಲೆಕ್ಕಕ್ಕೆ ತಗೊಳ್ಳಲಿಲ್ಲ?"

"ದೊಡ್ಡ ಸಾರ್ ಹೇಳಿದ್ರಲ್ಲ ಮೇಡಂ. ಗಾಳಿ ಇಲ್ಲದ ಕಡೆ ಗಂಟೆ ಕೇಳಲ್ಲ ಅಂತ."

"ಗಾಳಿ ಇಲ್ಲದ ಕಡೆ," ಎಂದಳು ಇನ್ಸ್‌ಪೆಕ್ಟರಮ್ಮ, ಎದ್ದು ನಿಲ್ಲುತ್ತ. "ಆದ್ರೆ ಗಾಳಿ ಹೋಗೋಕೆ ಅರ್ಧ ದಿನ ಬೇಕಲ್ಲ ಮೀಸೆ. ಆ ಮನುಷ್ಯನಿಗೆ ಉಸಿರು ಕಟ್ಟೋ ಮುಂಚೆ ಗಂಟೆ ಹೊಡೆಯೋಕೆ ಎಷ್ಟು ಬೇಕಾದ್ರೂ ಹೊತ್ತಿತ್ತು."

*

ಹಾಲಿನಲ್ಲಿ ದೊಡ್ಡ ಸಾರ್ ಒಬ್ಬರೇ ಇದ್ದರು. ಇಡೀ ಕಾರ್ಖಾನೆಗೆ ಹಿರಿಯ ವಿಜ್ಞಾನಿ ಅವರೇ. ಬೀರುವಿನಷ್ಟು ಗಾತ್ರದ ಉಪಗ್ರಹದ ಮುಂದೆ ನಿಂತು ಅದರ ಒಂದು ಮೂಲೆಯನ್ನು ಕೈಗವಸಿನ ಬೆರಳಿನಿಂದ ಸವರುತ್ತಿದ್ದರು. ಅವರ ಹಿಂದೆ ಹಂಡೆಯ ಬಾಗಿಲು ತೆರೆದಿತ್ತು. ಒಳಗೆ ಗೋಡೆ, ನೆಲ, ಮೇಲ್ಭಾಗ ಎಲ್ಲ ಕಪ್ಪು. ದೀಪ ಹಾಕಿದ್ದರೂ ಕಪ್ಪು.

"ಇದು ಹೋಗೋ ಜಾಗ ಎಂಥದ್ದು ಸಾರ್?" ಎಂದು ಇನ್ಸ್‌ಪೆಕ್ಟರಮ್ಮ ಕೇಳಿದಳು. ನೇರ ವಿಷಯಕ್ಕೆ ಬರುವುದು ಅವಳ ಅಭ್ಯಾಸವಲ್ಲ. "ನನಗೆ ತಿಳಿಯೋ ಹಾಗೆ ಹೇಳಿ."

"ಗಾಳಿಯ ಕಟ್ಟಕಡೇ ಪದರ. ಅದರಾಚೆಗೆ ಬರೀ ಬಯಲು. ಅಲ್ಲಿ ಬಿಸಿ ಸಾವಿರ ಡಿಗ್ರಿ ದಾಟತ್ತೆ."

"ಅಂದ್ರೆ ಹೋದವರು ಬೂದಿ."

"ಅಲ್ಲ. ಹೆಪ್ಪುಗಟ್ಟಿ ಸಾಯ್ತೀರಿ." ದೊಡ್ಡ ಸಾರ್ ತಿರುಗಿದರು. ಅವರ ದನಿ ಯಾವಾಗಲೂ ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎಂಬಷ್ಟು ಮೆಲ್ಲಗೆ. "ಕಣಗಳು ಎಷ್ಟು ಜೋರಾಗಿ ಓಡ್ತವೆ ಅನ್ನೋದನ್ನೇ ನಾವು ಬಿಸಿ ಅನ್ನೋದು. ಅಲ್ಲಿ ಒಂದೊಂದು ಕಣವೂ ಹುಚ್ಚು ಹಿಡಿದ ಹಾಗೆ ಓಡತ್ತೆ. ಆದ್ರೆ ಕಣಗಳೇ ಅಪರೂಪ. ಒಂದಕ್ಕೆ ಇನ್ನೊಂದು ತಾಗಬೇಕಾದ್ರೆ ಊರಿಂದ ಊರಿಗೆ ಹೋದಷ್ಟು ದೂರ ಓಡಬೇಕು. ಎಷ್ಟೋ ಕಣಗಳು ಯಾರಿಗೂ ತಾಗದೆ ಭೂಮಿಯನ್ನೇ ಬಿಟ್ಟು ಹೊರಟುಹೋಗ್ತವೆ. ಅಲ್ಲಿ ನೀವು ಕೈ ಚಾಚಿದ್ರೆ ಆ ಸಾವಿರ ಡಿಗ್ರಿ ನಿಮಗೆ ತಾಕೋದೇ ಇಲ್ಲ. ಬಿಸಿಲು ಬಿದ್ದ ಪಕ್ಕ ಕಾಯತ್ತೆ, ನೆರಳಿನ ಪಕ್ಕ ಕಲ್ಲಾಗತ್ತೆ. ಈ ಪಕ್ಕದ ಬಿಸಿಯನ್ನ ಆ ಪಕ್ಕಕ್ಕೆ ಒಯ್ಯೋಕೆ ನಡುವೆ ಏನೂ ಇಲ್ಲ."

"ನಮ್ಮ ಮಾವನ ಮನೆಯೂ ಹಾಗೇ ಸಾರ್," ಎಂದ ಮೀಸೆ. "ಒಬ್ಬೊಬ್ಬರೂ ಕೆಂಡ. ಆದ್ರೆ ಒಬ್ಬರೂ ಹತ್ತಿರ ಬರಲ್ಲ. ಹೋದ ಅಳಿಯ ಚಳಿಗೆ ಸಾಯಬೇಕು."

ದೊಡ್ಡ ಸಾರ್ ನಗಲಿಲ್ಲ. ಇನ್ಸ್‌ಪೆಕ್ಟರಮ್ಮ ನಗು ನುಂಗಿಕೊಂಡಳು.

"ಅಲ್ಲಿನ ಆ ಸ್ಥಿತಿಯನ್ನ ಈ ಹಂಡೆಯೊಳಗೆ ಮಾಡ್ತೀರಿ. ಗಾಳಿ ತೆಗೆದು, ಒಂದು ಪಕ್ಕ ದೀಪದಿಂದ ಕಾಯಿಸಿ, ಇನ್ನೊಂದು ಪಕ್ಕ ಕೊರೆಸಿ. ಹೌದಾ?"

"ಆದಷ್ಟು ಹತ್ತಿರ."

"ಗಾಳಿ ಪೂರ್ತಿ ಹೋದ ಮೇಲೆ ಗಂಟೆ ಕೇಳಲ್ಲ. ಸರಿ. ಪಂಪು ಶುರುವಾದ ಹೊಸತರಲ್ಲಿ?"

ದೊಡ್ಡ ಸಾರ್ ಕನ್ನಡಕ ತೆಗೆದರು. ಅದನ್ನು ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡರು.

"ಕೇಳತ್ತೆ," ಎಂದರು. "ಪಂಪಿನವನು ಕೂರೋ ಕುರ್ಚಿ ಬಾಗಿಲಿಗೆ ಅಂಟಿಕೊಂಡೇ ಇದೆ. ಪಂಪಿನ ಸದ್ದಿನ ಮೇಲೂ ಅವನಿಗೆ ಕೇಳಲಿ ಅಂತಲೇ ಅಷ್ಟು ಕೀರಲು ಗಂಟೆ ಹಾಕಿಸಿದ್ದು. ಕೇಳಿದ ಕೂಡಲೇ ಅವನು ಸೈರನ್ ಕೂಗಿಸಬೇಕು, ಕಟ್ಟಡ ಖಾಲಿಯಾಗಬೇಕು."

"ಇದನ್ನ ಮೊನ್ನೆಯೇ ಯಾಕೆ ಹೇಳಲಿಲ್ಲ?"

"ಗಾಳಿ ಇಲ್ಲದಿದ್ರೆ ಗಂಟೆ ಕೇಳತ್ತಾ ಅಂತ ಕೇಳಿದ್ರಿ. ಕೇಳಿದ್ದಕ್ಕೆ ಉತ್ತರ ಕೊಟ್ಟೆ."

ಇನ್ಸ್‌ಪೆಕ್ಟರಮ್ಮನಿಗೆ ಮೈ ಉರಿಯಿತು. ಉರಿದಿದ್ದು ಅವರ ಮೇಲಲ್ಲ, ತನ್ನ ಮೇಲೆ.

ಇನ್ನೊಂದು ಮಾತು ಮೊದಲ ದಿನದಿಂದಲೂ ಅವಳನ್ನು ಕೊರೆಯುತ್ತಿತ್ತು. ಸತ್ತವನ ಕೈಗವಸಿನ ತುದಿ ಗೋಡೆ ಬಡಿದು ಬಡಿದು ಹರಿದುಹೋಗಿತ್ತು. ಒಳಗಿನ ಆ ಕಪ್ಪು ತಗಡುಗಳು ಹೊರಗಿನ ಉಕ್ಕಿಗೆ ತಾಗದಂತೆ ನೇತುಹಾಕಿದವು, ಬಡಿದರೆ ಹೊರಗೆ ಏನೂ ಕೇಳುವುದಿಲ್ಲ. ಅಲ್ಲಿ ಕೆಲಸ ಮಾಡುವವನಿಗೆ ಅದು ಗೊತ್ತಿರಲೇಬೇಕು. ಆದರೂ ಗೋಡೆ ಬಡಿದಿದ್ದ. ಕೈಗೆಟುಕುವಂತೆ ಇಳಿಬಿದ್ದಿದ್ದ ಗಂಟೆಯ ಹಗ್ಗದ ಮೇಲೆ ಅವನ ಕೈಗವಸಿನ ಒಂದು ಎಳೆಯೂ ಸಿಕ್ಕಿರಲಿಲ್ಲ. ಸಾಯುವವನು ಹಗ್ಗದ ಹತ್ತಿರಕ್ಕೇ ಹೋಗಿರಲಿಲ್ಲ.

"ಆ ಗಂಟೆ ಕೊನೇ ಸಲ ಬಾರಿಸಿದ್ದು ಯಾವಾಗ?"

"ಬಾರಿಸೋ ಹಾಗಿಲ್ಲ. ಬಾರಿಸಿದ್ರೆ ಎಲ್ಲರೂ ಕೈಲಿದ್ದ ಕೆಲಸ ಬಿಟ್ಟು ಓಡಬೇಕು, ಇಡೀ ದಿನ ಹಾಳು. ಕಟ್ಟಿದ ಮೇಲೆ ಯಾರೂ ಅದನ್ನ ಮುಟ್ಟಿಲ್ಲ."

"ಇವತ್ತು ಮುಟ್ಟೋಣ."

ದೊಡ್ಡ ಸಾರ್ ಬೇಡವೆಂದರು. ಆಮೇಲೆ, ಶುರುವಿನ ಸ್ವಲ್ಪ ಹೊತ್ತು ಬೆಟ್ಟ ಹತ್ತಿದ ಹಾಗೆ ಕಿವಿ ಮುಚ್ಚಿಕೊಳ್ಳುತ್ತದೆ ಅಷ್ಟೇ, ಅಪಾಯವಿಲ್ಲ ಎಂದರು. ಆಮೇಲೆ ಮತ್ತೆ ಬೇಡವೆಂದರು. ಅಷ್ಟರಲ್ಲಿ ಮೀಸೆ ಬೂಟು ಬಿಚ್ಚಿ ಹೊಸ್ತಿಲಲ್ಲಿ ಜೋಡಿಸಿದ್ದ.

"ಬೂಟು ನೋಡ್ಕೊಳ್ಳಿ ಮೇಡಂ. ಹೊಸದು. ನಾನು ಹೋದ್ರೂ ಪರವಾಗಿಲ್ಲ, ಅದು ಹೋದ್ರೆ ಮನೆಯವಳು ಬಿಡಲ್ಲ."

"ಪಂಪಿನ ಸದ್ದು ಕೇಳಿದ ಕೂಡಲೇ ಹಗ್ಗ ಎಳಿ. ಎಳೀತಾನೇ ಇರು."

ಬಾಗಿಲು ಮುಚ್ಚಿತು. ದಪ್ಪ ಬಾಗಿಲು, ಸದ್ದಿಲ್ಲದೆ ಮುಚ್ಚಿತು. ಲಾಕಪ್ಪಿನಲ್ಲಿರುವವನ ಕುರ್ಚಿಯಲ್ಲಿ ದೊಡ್ಡ ಸಾರ್ ಕೂತರು. ಇನ್ಸ್‌ಪೆಕ್ಟರಮ್ಮ ಅವರ ಬೆರಳನ್ನೇ ನೋಡುತ್ತ ಪಕ್ಕದಲ್ಲಿ ನಿಂತಳು.

ಗುಂಡಿ ಒತ್ತಿದರು. ಕಾಲ ಕೆಳಗಿನ ನೆಲ ಸಣ್ಣಗೆ ನಡುಗಿತು. ಪಂಪು ಎಲ್ಲೋ ಆಳದಲ್ಲಿ ಗೊರಕೆ ಹೊಡೆದು, ಗಂಟಲು ಸರಿಮಾಡಿಕೊಂಡು, ಒಂದೇ ಸಮನೆ ಓಡತೊಡಗಿತು.

ಇನ್ಸ್‌ಪೆಕ್ಟರಮ್ಮ ಕಿವಿಯನ್ನು ಬಾಗಿಲಿಗೆ ಹಚ್ಚಿದಳು. ಉಕ್ಕು ತಣ್ಣಗಿತ್ತು.

ಗಂಟೆ ಕೇಳಲಿಲ್ಲ.

ಈಗ ಎಳೆಯುತ್ತಾನೆ ಅಂದುಕೊಂಡಳು. ಮೀಸೆ ಸೋಮಾರಿ, ಹಗ್ಗ ಹುಡುಕುತ್ತಿರಬೇಕು. ಈಗ. ಇನ್ನೇನು ಈಗ.

ಕೇಳಲಿಲ್ಲ.

ಬಾಗಿಲು ತೆರೆದಿದ್ದಾಗಲೇ ಒಮ್ಮೆ ಹಗ್ಗ ಎಳೆದು ನೋಡಬಹುದಿತ್ತಲ್ಲ ಎಂಬುದು ಆಗ ಹೊಳೆಯಿತು. ಬಾರಿಸುವ ಹಾಗಿಲ್ಲ ಎಂದು ಅವರು ಹೇಳಿದರು, ಇಲ್ಲಿಯವರೆಲ್ಲರ ಹಾಗೆ ತಾನೂ ಅದನ್ನು ನಂಬಿ, ಮನುಷ್ಯನೊಬ್ಬನನ್ನು ಒಳಗೆ ಕಳಿಸಿದಳು. ಬಾಯಿ ತೆರೆದಳು. ಅವಳು ಕೂಗುವ ಮೊದಲೇ ದೊಡ್ಡ ಸಾರ್ ಕೆಂಪು ಗುಂಡಿಯ ಮೇಲೆ ಅಂಗೈ ಅಪ್ಪಳಿಸಿದ್ದರು.

"ತೆಗೀರಿ! ಬಾಗಿಲು ತೆಗೀರಿ!"

"ಆಗಲ್ಲ. ಗಾಳಿ ಒಳಗೆ ಬರೋವರೆಗೂ ಬಾಗಿಲು ಬರಲ್ಲ." ಅವರ ಮುಖ ಸುಣ್ಣ ಬಳಿದ ಹಾಗಾಗಿತ್ತು.

ಗಾಳಿ ಬುಸುಗುಟ್ಟಿತು. ಎಷ್ಟು ಹೊತ್ತು ಬುಸುಗುಟ್ಟಿತೋ, ಇನ್ಸ್‌ಪೆಕ್ಟರಮ್ಮ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಜಗ್ಗುತ್ತಲೇ ಇದ್ದಳು. ಕೊನೆಗೆ ಬಾಗಿಲು ಸಡಿಲವಾಯಿತು.

ಮೀಸೆ ಹೊಸ್ತಿಲಲ್ಲೇ ನಿಂತಿದ್ದ. ಕಿವಿ ತಿಕ್ಕಿಕೊಳ್ಳುತ್ತಿದ್ದ. ನಗುವುದಕ್ಕೆ ನೋಡಿದ, ಆಗಲಿಲ್ಲ.

"ಹಗ್ಗ ಕೈಗೆ ಕಿತ್ತುಬರೋ ಹಾಗೆ ಎಳೆದೆ ಮೇಡಂ. ಗಂಟೆ ತಲೆ ಮೇಲೆ ಕುಣೀತಾ ಇದೆ. ಸದ್ದೇ ಇಲ್ಲ. ನನ್ನ ಕಿವಿಯೇ ಹೋಯ್ತು ಅಂದ್ಕೊಂಡೆ."

*

ಏಣಿ ತಂದು ಗಂಟೆ ಇಳಿಸಿದರು. ಇನ್ಸ್‌ಪೆಕ್ಟರಮ್ಮ ಅದರ ಬಾಯೊಳಗೆ ಬೆರಳು ಹಾಕಿದಳು. ಕಬ್ಬಿಣ ಸಿಗಬೇಕಾದ ಕಡೆ ಮೆತ್ತಗೆ ಏನೋ ಸಿಕ್ಕಿತು.

ಗಂಟೆಯ ನಾಲಿಗೆಗೆ ಒಂದು ಟೋಪಿ ತೊಡಿಸಿದ್ದರು. ಹೆಬ್ಬೆರಳಿಗೆ ಹಾಕುವಷ್ಟು ಪುಟ್ಟ ಟೋಪಿ. ಹೊರಗೆ ಹಂಡೆಯ ಗೋಡೆಯಂಥದೇ ಕಪ್ಪು, ಒಳಗೆ ಬೆಳ್ಳಿ, ನಡುವೆ ಪದರ ಪದರ ಬಲೆ. ಕತ್ತಿನ ಸುತ್ತ ದಾರ ಬಿಗಿದು ಗಂಟು ಹಾಕಿತ್ತು. ಕೆಳಗಿನಿಂದ ತಲೆ ಎತ್ತಿ ನೋಡಿದರೆ ಕಾಣುವ ಮಾತೇ ಇಲ್ಲ.

ಇನ್ಸ್‌ಪೆಕ್ಟರಮ್ಮ ಅದನ್ನು ಬಿಚ್ಚಿ ಅಂಗೈಯಲ್ಲಿ ಹೊರಳಿಸಿ ನೋಡಿದಳು. ಆಮೇಲೆ ಫೋನು ತೆಗೆದು ಸ್ಟೇಷನ್ನಿಗೆ ಹಚ್ಚಿದಳು. ಸ್ಟೇಷನ್ನು ಎರಡು ಬೀದಿ ಆಚೆ.

"ಪಂಪಿನವನ ಹತ್ತಿರ ಸಹಿ ಹಾಕಿಸಿಕೊಂಡು ಬಿಟ್ಟುಬಿಡಿ. ಹೌದು, ಈಗಲೇ. ನಾನು ಹೇಳ್ತಿದ್ದೀನಲ್ಲ."

ಮೀಸೆ ಬೂಟಿನ ಲೇಸು ಕಟ್ಟುವುದನ್ನು ನಿಲ್ಲಿಸಿ ನೋಡಿದ.

"ಯೋಚನೆ ಮಾಡು ಮೀಸೆ. ಈ ಗಂಟೆ ಯಾರ ಕಿವಿಗೆ ಕೇಳಲಿ ಅಂತ ಇರೋದು? ಪಂಪಿನವನ ಕಿವಿಗೆ. ಅವನೊಬ್ಬನ ಕಿವಿಗೆ. ಅವನೇ ಕೊಲ್ಲೋನಾಗಿದ್ರೆ ಗಂಟೆ ಹೊಡ್ಕೊಂಡ್ರೂ ಕಿವುಡನ ಹಾಗೆ ಕೂತಿದ್ರೆ ಸಾಕಿತ್ತು. ಇಷ್ಟು ಕಷ್ಟಪಟ್ಟು ಅದರ ಬಾಯಿ ಕಟ್ಟಿದ್ದಾರೆ ಅಂದ್ರೆ, ಅವನಿಗೆ ಕೇಳಿಬಿಟ್ರೆ ಬಾಗಿಲು ತೆಗೆದುಬಿಡ್ತಾನೆ ಅಂತ ಯಾರಿಗೋ ಭಯ ಇತ್ತು."

"ಸರಿ ಮೇಡಂ," ಎಂದ ಮೀಸೆ. "ಹಾಗಾದ್ರೆ ಆ ಯಾರೋ..." ಎಂದು ಅರ್ಧಕ್ಕೆ ಬಿಟ್ಟು, ದೊಡ್ಡ ಸಾರ್ ಕಡೆ ನೋಡಿ, ಗಂಟೆ ಎತ್ತಿಕೊಂಡು ಜೀಪಿಗೆ ಹೊರಟ.

ಹಾಲಿನಲ್ಲಿ ಇಬ್ಬರೇ ಉಳಿದರು.

"ನನ್ನ ಮೇಲೆ ಅನುಮಾನ," ಎಂದರು ದೊಡ್ಡ ಸಾರ್.

"ನಿಮಗೂ ಸತ್ತವನಿಗೂ ಜಗಳ ಆಗಿತ್ತು. ಕ್ಯಾಂಟೀನಿನಲ್ಲಿ ಎಲ್ಲರೂ ಕೇಳಿದ್ದಾರೆ."

"ಜಗಳ ಅವನು ಆಡಿದ. ನಾನು ಆಡಲಿಲ್ಲ. ಅವನಿಗೆ ಥರ್ಮಾಮೀಟರಣ್ಣ ಅಂತ ಹೆಸರು ಯಾಕೆ ಬಂತು ಗೊತ್ತಾ? ಈ ಉಪಗ್ರಹದ ಮೇಲೆ ಕೂರಿಸೋಕೆ ಒಂದು ಥರ್ಮಾಮೀಟರ್ ಮಾಡಿದ್ದ. ಮದುವೆ ಮಾಡ್ಕೊಳ್ಳಲಿಲ್ಲ, ಮನೆ ಕಟ್ಟಲಿಲ್ಲ, ಅದನ್ನ ಮಾಡಿದ. ಹೋದ ತಿಂಗಳು ನಾನು ಅದನ್ನ ತೆಗೆಸಿಬಿಟ್ಟೆ."

"ಯಾಕೆ?"

"ಅದು ಸುಳ್ಳು ಹೇಳತ್ತೆ." ದೊಡ್ಡ ಸಾರ್ ಕಪ್ಪು ಬಾಗಿಲಿನ ಕಡೆ ನೋಡಿದರು. "ಅಲ್ಲಿ ಥರ್ಮಾಮೀಟರಿಗೆ ತಾಗೋ ಕಣ ಎಷ್ಟು? ಇಲ್ಲವೇ ಇಲ್ಲ ಅನ್ನಿ. ಬಿಸಿಲಿಗೆ ತಾನೆಷ್ಟು ಕಾದೆ, ನೆರಳಲ್ಲಿ ತಾನೆಷ್ಟು ತಣ್ಣಗಾದೆ ಅನ್ನೋದನ್ನೇ ಅದು ಹೇಳತ್ತೆ. ಸುತ್ತಲಿನ ಸುದ್ದಿಯೇ ಅದಕ್ಕೆ ತಿಳಿಯಲ್ಲ. ಅಲ್ಲಿ ಅಳೀಬೇಕಾದ್ದು ಕಣದ ವೇಗ. ಬಾಯಿ ನೋಯೋ ಹಾಗೆ ಹೇಳಿದೆ. ತೆಗೆಸಿದ ದಿನ ಅದನ್ನ ಮಗು ಹಾಗೆ ಎತ್ತಿಕೊಂಡು ನನ್ನ ಕೋಣೆಗೆ ಬಂದ. ಅಳಲಿಲ್ಲ, ಕೂಗಲಿಲ್ಲ. 'ನೀವೂ ಒಂದು ದಿನ ಅಲ್ಲಿನ ಚಳಿ ನೋಡ್ತೀರಿ ಸಾರ್' ಅಂದ. ಹೊರಟುಹೋದ."

ಇನ್ಸ್‌ಪೆಕ್ಟರಮ್ಮ ಟೋಪಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದವಳು ನಿಲ್ಲಿಸಿದಳು.

"ಬಾಗಿಲು ಮುಚ್ಚೋ ಮುಂಚೆ ಕೊನೆಗೆ ಒಳಗೆ ಹೋಗಿ ಬರೋರು ಯಾರು?"

ದೊಡ್ಡ ಸಾರ್ ಉತ್ತರಿಸಲು ಬಾಯಿ ತೆರೆದರು. ತನಗೆ ತಿಳಿದಿದ್ದೇ ತನಗೆ ಈಗ ತಿಳಿದ ಹಾಗೆ ಅವರ ಕಣ್ಣು ನಿಧಾನವಾಗಿ ಹಂಡೆಯ ಮೇಲಕ್ಕೆ, ಗಂಟೆ ನೇತಾಡುತ್ತಿದ್ದ ಕೊಕ್ಕೆಯ ಕಡೆಗೆ ಹೋಯಿತು.

"ನಾನು," ಎಂದರು. "ಯಾವಾಗಲೂ ನಾನೇ. ಒಬ್ಬನೇ ಹೋಗ್ತೀನಿ. ಎಲ್ಲರಿಗೂ ಗೊತ್ತು."

"ಅವತ್ತು?"

"ಅವತ್ತು ಹೋಗಲಿಲ್ಲ. ಪಂಪಿನವನು ಬಂದು, 'ನಾನೇ ನೋಡಿ ಬಂದೆ ಸಾರ್, ಎಲ್ಲ ಸರಿಯಿದೆ, ನೀವು ಮಂಡಿನೋವಲ್ಲಿ ಹತ್ತಬೇಡಿ' ಅಂದ. ಒಳ್ಳೇ ಹುಡುಗ."

"ಇದನ್ನ ಯಾಕೆ ಹೇಳಲಿಲ್ಲ?"

"ಒಬ್ಬ ಒಳ್ಳೇ ಮಾತಾಡಿದ ಅಂತ ಪೊಲೀಸರಿಗೆ ಹೇಳಬೇಕಾ?"

ಇನ್ಸ್‌ಪೆಕ್ಟರಮ್ಮನ ಮನಸ್ಸಿನಲ್ಲಿ ಏನೋ ಚುಚ್ಚಿತು. ಏನೆಂದು ಅವಳಿಗೆ ಗೊತ್ತಾಗಲಿಲ್ಲ. ದೊಡ್ಡ ಸಾರ್ ಆಗಲೇ ಬಾಗಿ ಚಪ್ಪಲಿ ಬಿಡುತ್ತಿದ್ದರು.

"ಆ ಕೊಕ್ಕೆ ಒಂದು ಸಲ ನೋಡ್ತೀನಿ," ಎಂದರು. "ಥರ್ಮಾಮೀಟರಣ್ಣ ನನಗೋಸ್ಕರ ಏನೇನು ಮಾಡಿಟ್ಟಿದ್ದ ಅಂತ ಕಣ್ಣಾರೆ ನೋಡಬೇಕು."

*

ಹೊಲಿಗೆ ಕೋಣೆಯಲ್ಲಿ ಅವಳು ಹೊಲಿಗೆ ನಿಲ್ಲಿಸಿ ಸುಮ್ಮನೆ ಕೂತಿದ್ದಳು.

"ನಿನ್ನ ಗಂಡನ್ನ ಬಿಡಿಸಿದ್ದೀನಿ," ಎಂದಳು ಇನ್ಸ್‌ಪೆಕ್ಟರಮ್ಮ.

ಹೊಲಿಗೆಯವಳು ಎದ್ದಳು. ಮತ್ತೆ ಕೂತಳು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ನೀರು ಇಳಿದು ಬೆಳ್ಳಿ ಹಾಳೆಯ ಮೇಲೆ ಬೀಳುತ್ತಿದ್ದಂತೆ ಗಾಬರಿಯಾಗಿ ಸೆರಗಿನಿಂದ ಒರೆಸಿದಳು. "ಹಾಳೆ ಕೆಟ್ಟುಹೋಗತ್ತೆ," ಎಂದು ನಕ್ಕಳು. ಅಳುತ್ತಲೇ ನಕ್ಕಳು. "ನಿಮಗೆ ಪುಣ್ಯ ಬರಲಿ ಮೇಡಂ. ನಾನು ಇವತ್ತು ಅಣ್ಣನಿಗೆ ಅಳಬೇಕೋ ಇವರಿಗೆ ಅಳಬೇಕೋ ತಿಳೀದೆ ಕೂತಿದ್ದೆ. ಈಗ ಅಣ್ಣನಿಗೆ ಅಳ್ತೀನಿ. ನೆಮ್ಮದಿಯಾಗಿ ಅಳ್ತೀನಿ."

ಇನ್ಸ್‌ಪೆಕ್ಟರಮ್ಮ ಜೇಬಿನಿಂದ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಈ ಕೋಣೆಯ ಬಟ್ಟೆ ಅದು. ಇಲ್ಲಿಂದ ಚೂರು ಕದ್ದವರು ಯಾರೆಂದು ಕೇಳುವುದು ಅವಳ ಉದ್ದೇಶ.

"ಇದು ಗಂಟೆಯ ನಾಲಿಗೆಗೆ ಕಟ್ಟಿತ್ತು. ಯಾರು ಹೊಲಿದಿರಬಹುದು?"

ಹೊಲಿಗೆಯವಳು ಅದನ್ನು ಎತ್ತಿಕೊಂಡು, ಒಳಮೈ ಹೊರಗೆ ಮಾಡಿ, ಅಂಚನ್ನು ಉಗುರಿನಿಂದ ಸವರಿದಳು. ಮುಖದ ಮೇಲಿದ್ದ ನಗು ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಒಣಗಿತು.

"ನಾನೇ."

"ಏನು?"

"ನಾನೇ ಹೊಲಿದಿದ್ದು. ಅಣ್ಣ ಹೊಲಿಸಿಕೊಂಡ." ಅವಳ ದನಿ ಇಳಿಯಿತು. "ಮದುವೆಯಾದ ಮೇಲೆ ಮೊದಲನೇ ಸಲ ಈ ಕೋಣೆಗೆ ಬಂದಿದ್ದ. ಬಾಗಿಲಲ್ಲೇ ನಿಂತು, 'ತಂಗೀ, ಒಂದು ಕೆಲಸ ಆಗಬೇಕಿತ್ತು' ಅಂದ. ತಂಗಿ ಅಂದ ಮೇಡಂ! ಯಾವುದೋ ಪರೀಕ್ಷೆಗೆ ಹಂಡೆ ಅಲುಗಾಡಿಸ್ತಾರೆ, ಗಂಟೆ ಸುಮ್ಸುಮ್ಮನೆ ಹೊಡ್ಕೊಳ್ಳತ್ತೆ, ನಾಲಿಗೆಗೊಂದು ಟೋಪಿ ಹೊಲಿದುಕೊಡು ಅಂದ. ಪರೀಕ್ಷೆ ಮುಗಿದ ಮೇಲೆ ಬಿಚ್ಚಿಬಿಡ್ತೀನಿ ಅಂತಲೂ ಅಂದ. ನಾನು ಕೇಳಲೇ ಇಲ್ಲ ಯಾವ ಪರೀಕ್ಷೆ ಅಂತ. ಅವನು ಮತ್ತೆ ಬರಲಿ ಅಂತ ನಿಧಾನವಾಗಿ ಹೊಲಿದೆ. ಎರಡು ಸಲ ಬಂದು ಕೇಳ್ಕೊಂಡು ಹೋದ."

ಇನ್ಸ್‌ಪೆಕ್ಟರಮ್ಮ ಅವಳ ಕೈಯಲ್ಲಿದ್ದ ಟೋಪಿಯನ್ನು ನೋಡಿದಳು. ಸಾಯುವವನು ಹಗ್ಗದ ಹತ್ತಿರ ಯಾಕೆ ಹೋಗಲಿಲ್ಲ ಎಂದು ಈಗ ಅವಳಿಗೆ ತಿಳಿದಿತ್ತು. ಟೋಪಿ ಕಟ್ಟಲು ಒಳಗೆ ಹೋದವನೇ ಅವನು, ಗಂಟೆಗೆ ಬಾಯಿಲ್ಲ ಎಂದು ಅವನಿಗೆ ಗೊತ್ತಿತ್ತು. ದೊಡ್ಡ ಸಾರ್‌ಗೆಂದು ತೋಡಿದ ಗುಂಡಿಯಲ್ಲಿ ತಾನೇ ಬಿದ್ದು, ಪಂಪು ಶುರುವಾದ ಕ್ಷಣದಿಂದ ಅದು ಗೊತ್ತಿದ್ದೂ ಅವನು ಗೋಡೆ ಬಡಿದಿದ್ದ.

ಬಿದ್ದನೋ, ಯಾರಾದರೂ ಬೀಳಿಸಿದರೋ.

"ಸರಿಯಾಗಿ ನೆನಪು ಮಾಡ್ಕೊ," ಎಂದಳು. "ಗಂಟೆಗೆ ಟೋಪಿ ಹಾಕಿರೋದು ನಿನಗೆ ಗೊತ್ತಿತ್ತು. ನಿನ್ನ ಅಣ್ಣನಿಗೆ ಗೊತ್ತಿತ್ತು. ಬೇರೆ ಯಾರಿಗಾದ್ರೂ ಹೇಳಿದ್ಯಾ?"

ಹೊಲಿಗೆಯವಳು ಥಟ್ಟನೆ ತಲೆ ಎತ್ತಿದಳು. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ಅವಳಿಗೆ ಗೊತ್ತಾಯಿತು. ಗೊತ್ತಾಯಿತು ಎಂದು ಇನ್ಸ್‌ಪೆಕ್ಟರಮ್ಮನಿಗೂ ಗೊತ್ತಾಯಿತು. ಇಲ್ಲ ಅಂದುಬಿಡಬಹುದಿತ್ತು. ಅದು ಸುಳ್ಳು ಅನ್ನುವವರು ಯಾರೂ ಇರಲಿಲ್ಲ. ಅವಳ ತುಟಿ ಆ ಒಂದು ಮಾತಿಗೆ ಸಿದ್ಧವಾಗಿದ್ದೂ ಕಂಡಿತು.

ಅವಳು ಟೋಪಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಖುಷಿ ತಡೆಯೋಕಾಗಲಿಲ್ಲ ಮೇಡಂ. ಅಣ್ಣ ಮಾತಾಡಿಸಿದ ಅಂತ ಯಾರಿಗಾದ್ರೂ ಹೇಳಬೇಕಿತ್ತು. ಊಟಕ್ಕೆ ಕೂತಾಗ ಇವರಿಗೆ ಹೇಳಿದೆ. ಟೋಪಿನೂ ತೋರಿಸಿದೆ. ಇವರು ಊಟ ಬಿಟ್ಟು ಅದನ್ನ ತಿರುಗಿಸಿ ತಿರುಗಿಸಿ ನೋಡಿದ್ರು. 'ಚೆನ್ನಾಗಿ ಹೊಲಿದಿದ್ದೀಯ, ಯಾರಿಗೂ ಹೇಳಬೇಡ' ಅಂದ್ರು."

ಗೋಡೆಯ ಮೇಲಿನ ಫೋನು ಹೊಡೆದುಕೊಂಡಿತು. ಹೊಲಿಗೆಯವಳು ಅಲುಗಲಿಲ್ಲ. ಇನ್ಸ್‌ಪೆಕ್ಟರಮ್ಮ ಎತ್ತಿಕೊಂಡಳು. ಗೇಟಿನ ಕಾವಲುಗಾರ.

"ಹೊಲಿಗೆ ಅಕ್ಕ ಇದಾರಾ? ಒಳ್ಳೇ ಸುದ್ದಿ ಅಂತ ಹೇಳಿಬಿಡಿ. ಅವರ ಮನೆಯವರನ್ನ ಬಿಟ್ಟುಬಿಟ್ಟಿದ್ದಾರೆ."

"ಎಲ್ಲಿದ್ದಾನೆ? ಅಲ್ಲೇ ನಿಲ್ಲಿಸಿಕೊಳ್ಳಿ."

"ಆಗಲೇ ಒಳಗೆ ಹೋದ್ರಲ್ಲ. ದೊಡ್ಡ ಸಾರ್ ಎಲ್ಲಿ ಅಂತ ಕೇಳಿದ್ರು. ಹಾಲಲ್ಲಿ ಒಬ್ಬರೇ ಇದಾರೆ ಅಂದೆ."

'ನಾನೇ ನೋಡಿ ಬಂದೆ ಸಾರ್' ಎಂದ ಪಂಪಿನವನ ಮಾತಿಗೆ ಇದ್ದ ಒಬ್ಬರೇ ಸಾಕ್ಷಿ ಆ ಹಂಡೆಯೊಳಗೆ ಹೋಗಿದ್ದರು.

ಇನ್ಸ್‌ಪೆಕ್ಟರಮ್ಮನ ಕಾಲ ಕೆಳಗೆ ನೆಲ ಸಣ್ಣಗೆ ನಡುಗತೊಡಗಿತು. ಮೇಜಿನ ಮೇಲೆ ಸೂಜಿಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು.

ಹಾಲಿನಲ್ಲಿ ಯಾರೋ ಪಂಪು ಶುರು ಮಾಡಿದ್ದರು.